ಪಟ್ಟಿಯನ್ನು ವಿಂಗಡಿಸುವ ಬಗೆ

ಶಾಲೆಯಲ್ಲಿ ನಡೆಯುವ ಕೆಲಸಗಳೊಳಗೆ ಪಾಠ ಹೇಳುವದು ಮೊದಲನೆಯದಾದರೆ ಪಟ್ಟಿಗಳನ್ನು ಬರೆಯುವದು ಎರಡನೆಯದೆಂದು ಹೇಳಿದರೆ ತಪ್ಪಾಗಲಾರದು. ಹಾಜರಿಯ ಪಟ್ಟಿ, ಶುಲ್ಕದ ಪಟ್ಟಿ, ಅಂಕಗಳ ಪಟ್ಟಿ, ವಿದ್ಯಾರ್ಥಿನಿಲಯದಲ್ಲಿ ಊಟಮಾಡುವವರ ಪಟ್ಟಿ, ದೂರದೂರುಗಳಿಂದ ಬರುವವರ ಪಟ್ಟಿ, ಹೀಗೆ ವರುಷದ ಮೊದಲ ದಿನದಿಂದ ಕೊನೆಯ ದಿನದ ವರೆಗೂ ಪಟ್ಟಿಗಳೇ. ಆದರೆ ಬರೆದ ಪಟ್ಟಿಯು ಬರೆದ ಹಾಗೆಯೇ ಇದ್ದರೆ ಅದರಿಂದಾಗುವ ಪ್ರಯೋಜನವು ಸ್ವಲ್ಪವೇ ಸರಿ. ಯಾವದಾದರೊಂದು ನಿಬಂಧನೆಯ ಮೇರೆಗೆ ಅದನ್ನು ಬೇರೆಬೇರೆ ಗುಂಪುಗಳಾಗಿ ವಿಂಗಡಿಸಿದಾಗಲೇ ಅದು ನಮ್ಮೊಡನೆ ಮಾತನಾಡುವದು. ಅಕ್ಕಿಯನ್ನು ಕೇರಿ ನುಚ್ಚನ್ನು ಬೇರ್ಪಡಿಸುವ ಮನೆಯ ಹೆಂಗಸಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಂಗಡಣೆಯ ಕೆಲಸವನ್ನು ಈಗ ಅನೇಕ ಕಡೆಗಳಲ್ಲಿ ಕಂಪ್ಯೂಟರ್ ಯಂತ್ರಕ್ಕೆ ಒಪ್ಪಿಸಲಾಗುತ್ತದೆ. ನಮ್ಮ ಮೇಲ್ತರಗತಿಗಳ ವಿದ್ಯಾರ್ಥಿನಿಯರೊಳಗೆ ಕೆಲವರು ಪೈಥಾನ್ ಎಂಬ ಯಂತ್ರಭಾಷೆಯನ್ನು ಕಲಿಯುತ್ತಿರುವದರಿಂದ, ಆ ಭಾಷೆಯಲ್ಲಿ ಒಂದು ಪಟ್ಟಿಯನ್ನು ನಿಬಂಧನೆಗನುಸಾರವಾಗಿ ವಿಂಗಡಿಸುವದು ಹೇಗೆ, ಹಾಗೆ ಮಾಡುವಾಗ ಎಲ್ಲೆಲ್ಲಿ ಎಡವುವ ಸಂಭವ ಉಂಟು ಎಂಬದನ್ನು ಇಲ್ಲಿ ವಿವರಿಸಲು ಇಚ್ಛಿಸುತ್ತೇವೆ. ಯಂತ್ರದ ಪರಿಚಯವಿಲ್ಲದ ತಾಯಂದಿರೂ ಹಳೆಯ ವಿದ್ಯಾರ್ಥಿನಿಯರೂ ಇದನ್ನು ಓದಿ ಗ್ರಹಿಸಿಕೊಳ್ಳಲಿ ಎಂಬ ಉದ್ದೇಶದಿಂದ ಸಂಕೇತಗಳನ್ನು ಬಿಟ್ಟು ಮಾತಿನಲ್ಲಿಯೇ ಹೇಳುತ್ತೇವೆ.

ಮೊದಲು ಭಾಷೆಯ ವಿಷಯವಾಗಿ ಎರಡು ಮಾತು. ಪೈಥಾನ್ ಭಾಷೆಯನ್ನು ರಚಿಸಿದವರು ಹಾಲೆಂಡ್ ದೇಶದ ಗೀಡೊ ವಾನ್ ರೋಸಮ್ ಎಂಬವರು. ಆಮ್‌ಸ್ಟರ್‌ಡಾಮ್ ನಗರದ ಗಣಿತ ಸಂಶೋಧನಾಲಯದಲ್ಲಿ ಕೆಲಸಮಾಡುತ್ತಿದ್ದಾಗ 1989ನೆಯ ಇಸವಿಯ ಕೊನೆಯಲ್ಲಿ ಅದನ್ನು ಆರಂಭಿಸಿ 1991ರಲ್ಲಿ ಹೊರಪಡಿಸಿದರು. ಹೆಸರನ್ನು ಕೇಳಿ ಹೆಬ್ಬಾವನ್ನು ನೆನಸಿಕೊಳ್ಳುವವರುಂಟು. ವಾಸ್ತವವಾಗಿ ಅದು ಇಂಗ್ಲಿಷರ ಒಂದು ಹಾಸ್ಯಪ್ರದರ್ಶನದಿಂದ ತೆಗೆದುಕೊಂಡ ಹೆಸರಾಗಿದೆ.

ಈ ಭಾಷೆಯಲ್ಲಿ ಪಟ್ಟಿಗಳನ್ನು ಇಡುವ ವಿಧಾನಗಳೊಳಗೆ ಒಂದಕ್ಕೆ ಡಿಕ್ಷನರಿ, ಅಂದರೆ ನಿಘಂಟು, ಎಂದು ಹೆಸರು. ನಿಘಂಟು ಎಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು. ಅದರಲ್ಲಿ ಒಂದು ಕಡೆಗೆ ಕನ್ನಡ ಶಬ್ದವೂ ಅದರ ಮುಂದೆ ಇಂಗ್ಲಿಷಿನಲ್ಲಿ ಅರ್ಥವೂ ಇರುವದಷ್ಟೆ. ಶಬ್ದವು ಗೊತ್ತಿದ್ದರೆ ಅರ್ಥವು ಕ್ಷಣಮಾತ್ರದಲ್ಲಿ ದೊರೆಯುವದು. ಆದರೆ ಮರಗಳ ಹೆಸರುಗಳನ್ನು ಮಾತ್ರ ಆರಿಸಿ ಕೊಡಿರಿ ಎಂದು ಯಾರಾದರೂ ಕೇಳಿದರೆ ಮೊದಲ ಪುಟದಿಂದ ಕಡೆಯ ಪುಟದ ವರೆಗೂ ಓದದೆ ಉಪಾಯವಿಲ್ಲ. ಯಂತ್ರದ ನಿಘಂಟಿನ ಸ್ವಭಾವವೂ ಇದೇ. ಶಬ್ದದ ಸ್ಥಾನದಲ್ಲಿರುವದನ್ನು ಕೀಲಿಯೆಂದೂ ಅರ್ಥದ ಸ್ಥಾನದಲ್ಲಿರುವದನ್ನು ಮೌಲ್ಯವೆಂದೂ ಕರೆಯೋಣ. ಕೀಲಿಯನ್ನು ಕೊಟ್ಟರೆ ಯಂತ್ರವು ಒಂದು ಲೆಕ್ಕವನ್ನು ಮಾಡಿ, ಮೌಲ್ಯವಿರುವ ಸ್ಥಳಕ್ಕೆ ಅಕ್ಷರಮಾಲೆಯನ್ನು ಹುಡುಕದೆಯೇ ನೇರವಾಗಿ ಹೋಗುವದು. ಮೌಲ್ಯವನ್ನು ಕುರಿತು ಪ್ರಶ್ನೆ ಕೇಳಿದರೆ ಅದಕ್ಕೂ ಸಾಲುಸಾಲಾಗಿ ಓದುವದರ ಹೊರತು ಬೇರೆ ಮಾರ್ಗವಿಲ್ಲ. ನಿಬಂಧನೆಯಿಂದ ವಿಂಗಡಿಸುವದೆಂದರೆ ಬಹುಮಟ್ಟಿಗೆ ಇಂಥ ಓದುವಿಕೆಯೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಐದು ಮಂದಿ ಹುಡುಗಿಯರ ಹೆಸರುಗಳು ಕೀಲಿಗಳಾಗಿರಲಿ. ನೂರಕ್ಕೆ ಇಷ್ಟೆಂದು ಲೆಕ್ಕಮಾಡಿದ ಅವರ ಹಾಜರಿಯು ಮೌಲ್ಯವಾಗಿರಲಿ. ರೂತ್ 82, ಸುಶೀಲಾ 75, ಕಮಲಾ 68, ಎಸ್ತೇರ್ 100, ಬಹು ಕಾಲ ಕಾಯಿಲೆಯಲ್ಲಿದ್ದ ಲೀಲಾ 9. ನೂರಕ್ಕೆ 75 ಅಥವಾ ಅದಕ್ಕಿಂತ ಹೆಚ್ಚು ಹಾಜರಿಯುಳ್ಳವರನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು, ಉಳಿದವರ ವಿಷಯವನ್ನು ಬೇರೆಯಾಗಿ ವಿಚಾರಿಸತಕ್ಕದ್ದು ಎಂಬದು ನಮ್ಮ ನಿಬಂಧನೆಯೆಂದು ಇಟ್ಟುಕೊಳ್ಳೋಣ.

ಯಂತ್ರಕ್ಕೆ ಹೇಳಬೇಕಾದ ಕ್ರಮವು ಹೀಗಿದೆ. ಮೊದಲು ಎರಡು ಬರಿದಾದ ನಿಘಂಟುಗಳನ್ನು ತೆರೆದು, ಒಂದಕ್ಕೆ ‘ಅರ್ಹರು’ ಎಂದೂ ಇನ್ನೊಂದಕ್ಕೆ ‘ವಿಚಾರಿಸತಕ್ಕವರು’ ಎಂದೂ ಹೆಸರಿಡು. ಬಳಿಕ ಮೂಲ ನಿಘಂಟಿನಿಂದ ಕೀಲಿಯನ್ನೂ ಮೌಲ್ಯವನ್ನೂ ಜೊತೆಜೊತೆಯಾಗಿ ಒಂದೊಂದಾಗಿ ತೆಗೆದುಕೋ. ಹೀಗೆ ಜೊತೆಯಾಗಿ ಕೊಡುವ ಏರ್ಪಾಡಿಗೆ ಪೈಥಾನಿನಲ್ಲಿ ಐಟಮ್ಸ್ ಎಂದು ಹೆಸರು. ಮೌಲ್ಯವು 75 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಆ ಜೊತೆಯನ್ನು ಮೊದಲನೆಯ ನಿಘಂಟಿನಲ್ಲಿ ಬರೆ. ಇಲ್ಲದಿದ್ದರೆ ಎರಡನೆಯದರಲ್ಲಿ ಬರೆ. ಎಲ್ಲವೂ ಮುಗಿದ ಮೇಲೆ ನಿಲ್ಲು. ಇಷ್ಟೇ. ರೂತ್, ಸುಶೀಲಾ, ಎಸ್ತೇರ್ ಒಂದು ಕಡೆಗೂ ಕಮಲಾ, ಲೀಲಾ ಇನ್ನೊಂದು ಕಡೆಗೂ ಬರುವರು. ಮೂಲದಲ್ಲಿ ಯಾವ ಅನುಕ್ರಮದಲ್ಲಿ ಬರೆದಿದ್ದೆವೋ ಅದೇ ಅನುಕ್ರಮವು ಗುಂಪುಗಳಲ್ಲಿಯೂ ಉಳಿಯುವದು. 2018ರಲ್ಲಿ ಹೊರಟ 3.7 ಎಂಬ ಆವೃತ್ತಿಯಿಂದೀಚೆಗೆ ಇದು ಭಾಷೆಯ ನಿಯಮವೇ ಆಗಿದೆ.

ಅರ್ಹರಲ್ಲದವರನ್ನು ಮೂಲ ನಿಘಂಟಿನಿಂದಲೇ ಅಳಿಸುತ್ತಾ ಹೋದರೆ ಸಾಲದೇ ಎಂದು ಕೆಲವರು ಕೇಳುವರು. ಸಾಲದು. ಪುಸ್ತಕವನ್ನು ಓದುತ್ತಿರುವಾಗಲೇ ಅದರ ಹಾಳೆಗಳನ್ನು ಹರಿಯುತ್ತಾ ಹೋದರೆ ಓದುವವನ ಗತಿಯೇನು? ಸಾಲುಸಾಲಾಗಿ ಓದುತ್ತಿರುವಾಗ ನಿಘಂಟಿನ ಗಾತ್ರವನ್ನು ಬದಲಾಯಿಸಿದರೆ ಪೈಥಾನ್ ತಪ್ಪನ್ನು ಸಾರಿ ಅಲ್ಲಿಯೇ ನಿಂತುಬಿಡುವದು. ಮೂಲವನ್ನು ಮುಟ್ಟದೆ ಹೊಸ ಪಟ್ಟಿಗಳನ್ನು ಮಾಡುವದೇ ಸುರಕ್ಷಿತವಾದದ್ದು. ಹಾಗೆ ಮಾಡಿದರೆ ಮುಂದೆ ಸಂಶಯ ಬಂದಾಗ ತಾಳೆ ನೋಡಲಿಕ್ಕೆ ಮೂಲವು ಕೈಯಲ್ಲಿರುವದು.

ಕೆಲಸವು ಇಷ್ಟು ಸುಲಭವಾಗಿದ್ದರೂ ಇದರಲ್ಲಿ ಮೂರು ಕಡೆಗಳಲ್ಲಿ ಕಾಲು ಜಾರುವದುಂಟು.

ಮೊದಲನೆಯದು ಎಲ್ಲೆಯ ಮೇಲೆ ನಿಂತವರ ಸಂಗತಿ. ‘75ಕ್ಕಿಂತ ಹೆಚ್ಚು’ ಎಂದು ಬರೆಯುವದಕ್ಕೂ ‘75 ಅಥವಾ ಅದಕ್ಕಿಂತ ಹೆಚ್ಚು’ ಎಂದು ಬರೆಯುವದಕ್ಕೂ ಯಂತ್ರಭಾಷೆಯಲ್ಲಿ ಒಂದೇ ಒಂದು ಚಿಹ್ನೆಯ ಅಂತರ. ಆ ಒಂದು ಚಿಹ್ನೆಯು ಬಿಟ್ಟುಹೋದರೆ ನಮ್ಮ ಸುಶೀಲೆಯು ಪರೀಕ್ಷೆಗೆ ಹೋಗಲಾರಳು. ಉಳಿದ ನಾಲ್ವರ ವಿಷಯದಲ್ಲಿ ಫಲವು ಸರಿಯಾಗಿಯೇ ಇರುವದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವದೂ ಇಲ್ಲ. ಆದಕಾರಣ ನಿಬಂಧನೆಯನ್ನು ಪರೀಕ್ಷಿಸುವಾಗ ಎಲ್ಲೆಯ ಮೇಲೆ ಸರಿಯಾಗಿ ನಿಂತಿರುವ ಒಂದು ಮೌಲ್ಯವನ್ನು ತಪ್ಪದೆ ಕೊಟ್ಟು ನೋಡತಕ್ಕದ್ದು.

ಎರಡನೆಯದು ಅಂಕೆಯಂತೆ ಕಾಣುವ ಅಕ್ಷರಗಳ ಸಂಗತಿ. ಕಡತದಿಂದ ಓದಿದ ಪಟ್ಟಿಯಲ್ಲಿ ಅಂಕೆಗಳು ಸಂಖ್ಯೆಗಳಾಗಿ ಬಾರದೆ ಬರಿಯ ಬರಹವಾಗಿ ಬರುವದು ಹೆಚ್ಚು. ಬರಹವನ್ನು ಯಂತ್ರವು ನಿಘಂಟಿನ ಶಬ್ದಗಳಂತೆ ಮೊದಲಕ್ಷರದಿಂದ ಆರಂಭಿಸಿ ಹೋಲಿಸುವದು. ಹಾಗೆ ಹೋಲಿಸಿದರೆ ಒಂದರಿಂದ ಪ್ರಾರಂಭವಾಗುವ 100 ಎಂಬ ಬರಹವು ಏಳರಿಂದ ಪ್ರಾರಂಭವಾಗುವ 75 ಎಂಬದಕ್ಕಿಂತ ಕೆಳಗಾಯಿತು. 9 ಎಂಬದು ಅದಕ್ಕಿಂತ ಮೇಲಾಯಿತು! ಫಲವೇನಾಯಿತೆಂದರೆ, ಒಂದು ದಿನವನ್ನೂ ತಪ್ಪಿಸದ ಎಸ್ತೇರಳು ವಿಚಾರಿಸತಕ್ಕವರ ಗುಂಪಿಗೆ ಬಿದ್ದಳು. ವರುಷವೆಲ್ಲಾ ಹಾಸಿಗೆಯಲ್ಲಿದ್ದ ಲೀಲೆಯು ಅರ್ಹಳಾದಳು. ಗುಂಪಿಗೆ ಮೂವರು, ಗುಂಪಿಗೆ ಇಬ್ಬರು ಎಂಬ ಲೆಕ್ಕವು ಮಾತ್ರ ಮೊದಲಿನಂತೆಯೇ ಇರುವದನ್ನು ವಾಚಕರು ಗಮನಿಸಬೇಕು. ಬರಹವನ್ನು ಮೊದಲು ಸಂಖ್ಯೆಯಾಗಿ ಮಾರ್ಪಡಿಸಿ ಆಮೇಲೆ ಹೋಲಿಸುವದೇ ಇದಕ್ಕೆ ಪರಿಹಾರ.

ಮೂರನೆಯದು ಬರೆಯದೆ ಬಿಟ್ಟ ಮೌಲ್ಯದ ಸಂಗತಿ. ಒಬ್ಬ ಹುಡುಗಿಯು ಬೇರೆ ಶಾಲೆಯಿಂದ ನಡುವರುಷದಲ್ಲಿ ಬಂದಿರುವಳು. ಅವಳ ಹಾಜರಿಯ ಲೆಕ್ಕವು ಇನ್ನೂ ಬಂದಿಲ್ಲ. ಆ ಸ್ಥಳದಲ್ಲಿ ಸೊನ್ನೆಯನ್ನು ಬರೆಯಬಹುದೇ? ಬರೆಯಬಾರದು. ಸೊನ್ನೆಯೆಂದರೆ ಒಂದು ದಿನವೂ ಬರಲಿಲ್ಲವೆಂದು ಅರ್ಥ. ತಿಳಿಯದು ಎಂಬದು ಬೇರೆಯೇ ಮಾತು. ತಿಳಿಯದ ಮೌಲ್ಯಕ್ಕಾಗಿ ಪೈಥಾನಿನಲ್ಲಿ ನನ್ ಎಂಬ ಬೇರೊಂದು ಗುರುತು ಉಂಟು. ಹಳೆಯ ಎರಡನೆಯ ಶ್ರೇಣಿಯ ಪೈಥಾನ್ ಈ ಗುರುತನ್ನು ಎಲ್ಲಾ ಸಂಖ್ಯೆಗಳಿಗಿಂತಲೂ ಕಡಮೆಯೆಂದು ಎಣಿಸಿ ಸದ್ದಿಲ್ಲದೆ ಕೆಳಗಿನ ಗುಂಪಿಗೆ ತಳ್ಳುತ್ತಿತ್ತು. 2008ರಲ್ಲಿ ಹೊರಟ ಮೂರನೆಯ ಶ್ರೇಣಿಯು ಹಾಗೆ ಮಾಡುವದಿಲ್ಲ. ತಿಳಿಯದ್ದನ್ನು ಸಂಖ್ಯೆಯೊಡನೆ ಹೋಲಿಸಲಾರೆನೆಂದು ಸ್ಪಷ್ಟವಾಗಿ ಹೇಳಿ ನಿಂತುಬಿಡುವದು. ಹೀಗೆ ನಿಂತುಬಿಡುವದು ಕಿರುಕುಳವೆಂದು ತೋರಿದರೂ ಅದು ಉಪಕಾರವೇ. ಅಂಥವರಿಗಾಗಿ ‘ಲೆಕ್ಕ ಬರಬೇಕಾದವರು’ ಎಂಬ ಮೂರನೆಯ ಗುಂಪನ್ನು ಮಾಡಿ, ನಿಬಂಧನೆಯನ್ನು ಕೇಳುವದಕ್ಕೆ ಮುಂಚೆಯೇ ಅವರನ್ನು ಅಲ್ಲಿ ಬರೆದಿಡುವದು ನ್ಯಾಯವಾದ ಕ್ರಮ.

ಇದುವರೆಗೆ ಹೌದು, ಅಲ್ಲ ಎಂಬ ಉತ್ತರಗಳಿಂದ ಆಗುವ ವಿಂಗಡಣೆಯನ್ನು ಹೇಳಿದೆವು. ಗುಂಪುಗಳು ಎಷ್ಟಾಗುವವೆಂದು ಮುಂದಾಗಿ ತಿಳಿಯದಿರುವ ಸಂದರ್ಭಗಳೂ ಉಂಟು. ಇದನ್ನು ನಮ್ಮದೇ ಒಂದು ತಪ್ಪಿನ ಮೂಲಕ ತಿಳಿಸುವದು ಉತ್ತಮವೆಂದು ತೋರುತ್ತದೆ.

ಕೆಲವು ವರುಷಗಳ ಹಿಂದೆ ದೂರದೂರುಗಳಿಂದ ಬರುವ 41 ಮಂದಿ ಹುಡುಗಿಯರಿಗೆ ಬಸ್ಸಿನ ಪಾಸು ಕೊಡಿಸುವದಕ್ಕಾಗಿ ಊರುವಾರು ಪಟ್ಟಿಯನ್ನು ಮಾಡಬೇಕಾಗಿತ್ತು. ನಮ್ಮಲ್ಲಿದ್ದ ನಿಘಂಟಿನಲ್ಲಿ ಹುಡುಗಿಯ ಹೆಸರು ಕೀಲಿ, ಊರು ಮೌಲ್ಯ. ಬೇಕಾಗಿದ್ದದ್ದು ಇದಕ್ಕೆ ತಿರುಗಾಮುರುಗಾ, ಅಂದರೆ ಊರು ಕೀಲಿಯಾಗಿ ಅದರ ಮುಂದೆ ಹುಡುಗಿಯರ ಹೆಸರುಗಳು. ಹೊಸದಾಗಿ ಕಲಿತವರ ಉತ್ಸಾಹದಿಂದ ನಾವೇ ಕುಳಿತು, ಒಂದೊಂದು ಜೊತೆಯನ್ನು ತೆಗೆದುಕೊಂಡು ಊರಿನ ಮುಂದೆ ಹೆಸರನ್ನು ಬರೆ ಎಂದು ಯಂತ್ರಕ್ಕೆ ಅಪ್ಪಣೆಕೊಟ್ಟೆವು. ಒಡನೆ ಅಚ್ಚುಕಟ್ಟಾದ ಹಾಳೆಯೊಂದು ಹೊರಬಿತ್ತು. ಊರುಗಳೆಲ್ಲಾ ಬಂದಿವೆಯೋ ಎಂದು ನೋಡಿದೆವು. 11 ಊರುಗಳೂ ಬಂದಿದ್ದವು. ಹುಡುಗಿಯರೆಲ್ಲಾ ಬಂದಿದ್ದಾರೆಯೋ ಎಂದು ನೋಡಲಿಲ್ಲ. ಅಂಚೆಗೆ ಹೊತ್ತಾಗಿದ್ದ ಪ್ರಯುಕ್ತ ರುಜು ಹಾಕಿ ಕಳುಹಿಸಿಬಿಟ್ಟೆವು.

ಪಾಸುಗಳು ಬಂದ ದಿನ ಹತ್ತನೆಯ ತರಗತಿಯ ಒಬ್ಬ ಹುಡುಗಿಯು ನಮ್ಮ ಕೊಠಡಿಯ ಬಾಗಲಲ್ಲಿ ನಿಂತು, “ಅಮ್ಮನವರೇ, ನಮ್ಮೂರಿನ ಪಾಸು ತಂಗಿಗೆ ಬಂದಿದೆ, ನನಗೆ ಬರಲಿಲ್ಲ. ಒಂದು ಮನೆಗೆ ಒಂದೇ ಎಂದು ನಿಯಮವೋ?” ಎಂದು ಕೇಳಿದಳು. ಅಂಥ ನಿಯಮವೇನೂ ಇರಲಿಲ್ಲ. ನಡೆದ ಸಂಗತಿ ಇಷ್ಟೇ: ನಿಘಂಟಿನಲ್ಲಿ ಒಂದು ಕೀಲಿಗೆ ಒಂದೇ ಮೌಲ್ಯವಿರಲು ಸಾಧ್ಯ. ಅಕ್ಕನ ಹೆಸರನ್ನು ಊರಿನ ಮುಂದೆ ಬರೆದಿದ್ದ ಯಂತ್ರವು, ಅದೇ ಊರಿನ ತಂಗಿಯ ಹೆಸರು ಬಂದಾಗ ಅಕ್ಕನ ಹೆಸರನ್ನು ಅಳಿಸಿ ತಂಗಿಯದನ್ನು ಬರೆಯಿತು. ಹೀಗೆ ಊರಿಗೆ ಒಬ್ಬಳಂತೆ, ಕಟ್ಟಕಡೆಗೆ ಬಂದವಳು ಮಾತ್ರ ಉಳಿದಳು. 30 ಮಂದಿ ಹುಡುಗಿಯರು ಯಾವ ಗದ್ದಲವೂ ಇಲ್ಲದೆ ಕಾಣದೆಹೋಗಿದ್ದರು. ಯಂತ್ರವು ತಪ್ಪನ್ನು ಸಾರಲಿಲ್ಲ. ಯಾಕಂದರೆ ಅದು ನಮ್ಮ ಮಾತನ್ನು ಅಕ್ಷರಶಃ ನಡಿಸಿತ್ತು. ಹೊಸ ಪಟ್ಟಿಯು ಹೋಗಿ ಪಾಸುಗಳು ಬರುವ ತನಕ ಎರಡು ದಿನ ಕೆಲವು ಹುಡುಗಿಯರಿಗೆ ಶಾಲೆಗೆ ಬರಲಾಗಲಿಲ್ಲ.

ಸರಿಯಾದ ಕ್ರಮವೇನೆಂದರೆ, ಊರಿನ ಮುಂದೆ ಒಂದು ಹೆಸರನ್ನಲ್ಲ, ಹೆಸರುಗಳ ಒಂದು ಸರಣಿಯನ್ನು ಇಡಬೇಕು. ಊರು ಮೊದಲ ಸಲ ಕಂಡಾಗ ಅದರ ಮುಂದೆ ಒಂದು ಬರಿದಾದ ಸರಣಿಯನ್ನು ತೆರೆಯಬೇಕು. ಅನಂತರ ಬರುವ ಪ್ರತಿಯೊಂದು ಹೆಸರನ್ನೂ ಅದರ ಕೊನೆಗೆ ಸೇರಿಸಬೇಕು. ಬರೆ ಎಂಬ ಅಪ್ಪಣೆಗೂ ಸೇರಿಸು ಎಂಬ ಅಪ್ಪಣೆಗೂ ಇರುವ ಅಂತರದಲ್ಲಿ ನಮ್ಮ 30 ಮಂದಿ ಅಡಗಿದ್ದರು. ಊರು ಆಗಲೇ ಇದೆಯೋ ಇಲ್ಲವೋ ಎಂದು ಪ್ರತಿಸಲವೂ ಕೇಳುವ ಶ್ರಮವನ್ನು ತಪ್ಪಿಸಲು ಪೈಥಾನಿನಲ್ಲಿ ಎರಡು ಸೌಕರ್ಯಗಳುಂಟು. ಸೆಟ್‌ಡಿಫಾಲ್ಟ್ ಎಂಬದು ಒಂದು; ಕೀಲಿಯು ಇಲ್ಲದಿದ್ದರೆ ನಾವು ಹೇಳಿದ ಬರಿದಾದ ಸರಣಿಯನ್ನು ಅಲ್ಲಿಟ್ಟು, ಇದ್ದರೆ ಇರುವದನ್ನೇ ತೆಗೆದು ಕೊಡುವದು. 2006ರಲ್ಲಿ ಬಂದ ಡಿಫಾಲ್ಟ್‌ಡಿಕ್ಟ್ ಎಂಬದು ಇನ್ನೊಂದು. ಇದು ಕೇಳಿದ ಕೀಲಿಯು ಇಲ್ಲದಿದ್ದರೆ ತಾನಾಗಿಯೇ ಹೊಸ ಸರಣಿಯನ್ನು ತೆರೆಯುವ ವಿಶೇಷ ನಿಘಂಟು. ಆದರೆ ಇದರ ಧಾರಾಳತನದಲ್ಲಿಯೂ ಒಂದು ಮೋಸ ಉಂಟು. ಪಟ್ಟಿಯಲ್ಲಿ ಇಂಥ ಊರು ಇದೆಯೋ ಎಂದು ನೋಡುವದಕ್ಕಾಗಿ ಅದರ ಮೌಲ್ಯವನ್ನು ಸುಮ್ಮನೆ ಕೇಳಿದರೂ ಸಾಕು, ಆ ಊರನ್ನು ಬರಿದಾದ ಸರಣಿಯೊಡನೆ ಬರೆದುಬಿಡುವದು. ಒಬ್ಬ ಹುಡುಗಿಯೂ ಇಲ್ಲದ ಊರು ಹೀಗೆ ಪಟ್ಟಿಯೊಳಕ್ಕೆ ಬರುವದು. ಇರುವದೋ ಇಲ್ಲವೋ ಎಂದು ಕೇಳುವದಕ್ಕೆ ಬೇರೆ ರೀತಿ ಇರುವದರಿಂದ ಅದನ್ನೇ ಉಪಯೋಗಿಸತಕ್ಕದ್ದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇವೆ. ಹೆಸರನ್ನು ಕೀಲಿಯಾಗಿ ಮಾಡಿದರೆ, ಒಂದೇ ತರಗತಿಯಲ್ಲಿ ಇಬ್ಬರು ಕಮಲೆಯರಿದ್ದಾಗ ವಿಂಗಡಣೆಗೆ ಮುಂಚೆಯೇ, ಮೂಲ ನಿಘಂಟಿನಲ್ಲಿಯೇ, ಒಬ್ಬಳು ಕಾಣದೆಹೋಗುವಳು. ಆದಕಾರಣ ಪ್ರವೇಶದ ಪುಸ್ತಕದಲ್ಲಿರುವ ಕ್ರಮಸಂಖ್ಯೆಯನ್ನು ಕೀಲಿಯಾಗಿ ಮಾಡಿ ಹೆಸರನ್ನು ಮೌಲ್ಯದೊಳಗೆ ಇಡುವದೇ ಯುಕ್ತ. ಹಿರಿಯರು ಪ್ರವೇಶದ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆ ಸಂಖ್ಯೆಯನ್ನು ಕೊಟ್ಟದ್ದು ಸುಮ್ಮನೆ ಅಲ್ಲ.

ಪೈಥಾನಿನಲ್ಲಿ 2004ರಿಂದ ಗ್ರೂಪ್‌ಬೈ ಎಂಬ ಒಂದು ಸಾಧನವೂ ಇರುತ್ತದೆ. ಹೆಸರನ್ನು ಕೇಳಿ, ಗುಂಪುಮಾಡುವ ಕೆಲಸಕ್ಕೆ ಇದೇ ಸಾಕೆಂದು ಅನೇಕರು ಅದನ್ನು ಹಿಡಿದು ಮೋಸಹೋಗುವರು. ಅದು ಮಾಡುವದೇನಂದರೆ, ಸಾಲಿನಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ನಿಂತವರನ್ನು ಮಾತ್ರ ಒಂದು ಗುಂಪಾಗಿ ಕಟ್ಟುವದು. ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಇಬ್ಬರು ಒಂದೇ ಊರಿನವರು, ನಡುವೆ ಬೇರೆ ಊರಿನವಳೊಬ್ಬಳು, ಮತ್ತೆ ಮೊದಲಿನ ಊರಿನವಳೊಬ್ಬಳು ನಿಂತಿದ್ದರೆ ಗ್ರೂಪ್‌ಬೈ ಎರಡು ಗುಂಪುಗಳನ್ನಲ್ಲ, ಮೂರನ್ನು ಮಾಡುವದು. ಆದದರಿಂದ ಮೊದಲು ಸಾಲನ್ನು ಊರಿನ ಅನುಕ್ರಮದಲ್ಲಿ ನಿಲ್ಲಿಸಿ ಆಮೇಲೆ ಅದನ್ನು ಉಪಯೋಗಿಸಬೇಕು. ವಿಂಗಡಿಸುವ ನಿಬಂಧನೆ ಯಾವದೋ ಸಾಲು ನಿಲ್ಲಿಸುವ ನಿಬಂಧನೆಯೂ ಅದೇ ಆಗಿರತಕ್ಕದ್ದು.

ಬೇರೆ ಭಾಷೆಗಳವರೂ ಈ ಅಗತ್ಯವನ್ನು ಕಂಡುಕೊಂಡಿದ್ದಾರೆ. ಜಾವಾ ಭಾಷೆಯಲ್ಲಿ 2014ರಿಂದ ಇದಕ್ಕೆ ಎರಡು ಸಾಧನಗಳಿವೆ. ಗ್ರೂಪಿಂಗ್‌ಬೈ ಎಂಬದು ಎಷ್ಟು ಗುಂಪುಗಳನ್ನಾದರೂ ಮಾಡುವದು. ಪಾರ್ಟಿಷನಿಂಗ್‌ಬೈ ಎಂಬದು ಹೌದು, ಅಲ್ಲ ಎಂಬ ಎರಡೇ ಗುಂಪುಗಳನ್ನು ಮಾಡುವದು. ಎರಡನೆಯದರ ಒಂದು ಗುಣವು ನಮಗೆ ಬಹಳ ಮೆಚ್ಚಿಗೆಯಾಗಿದೆ. ಒಂದು ಗುಂಪಿಗೆ ಯಾರೂ ಸೇರದಿದ್ದರೂ ಆ ಗುಂಪನ್ನು ಬರಿದಾಗಿಯೇ ತೋರಿಸುವದು, ಬಿಟ್ಟುಬಿಡುವದಿಲ್ಲ. ‘ವಿಚಾರಿಸತಕ್ಕವರು: ಯಾರೂ ಇಲ್ಲ’ ಎಂದು ಬರೆದ ಪಟ್ಟಿಯನ್ನು ಓದಿದವರಿಗೆ ವಿಚಾರಣೆಯು ನಡೆದಿದೆಯೆಂಬ ಧೈರ್ಯ ಉಂಟಾಗುವದು, ಆ ಸಾಲೇ ಇಲ್ಲದ ಪಟ್ಟಿಯಿಂದ ಆ ಧೈರ್ಯ ಬಾರದು. ಜಾವಾಸ್ಕ್ರಿಪ್ಟ್ ಭಾಷೆಗೆ ಇಂಥ ಸಾಧನವು 2024ರ ನಿಯಮಾವಳಿಯಲ್ಲಿ ಬಂತು. ಅಲ್ಲಿ ಕೀಲಿ ಮೌಲ್ಯಗಳ ಪಟ್ಟಿಯನ್ನು ಮೊದಲು ಜೊತೆಜೊತೆಯಾದ ಸಾಲಾಗಿ ಮಾರ್ಪಡಿಸಿ ಬಳಿಕ ಗುಂಪುಮಾಡಬೇಕಾಗುವದು.

ಕೊನೆಗೆ, ಯಾವ ಭಾಷೆಯಲ್ಲಿ ಯಾವ ಸಾಧನದಿಂದ ವಿಂಗಡಿಸಿದರೂ ತಪ್ಪದೆ ಮಾಡತಕ್ಕ ಎರಡು ಪರೀಕ್ಷೆಗಳನ್ನು ಹೇಳಿ ಮುಗಿಸುತ್ತೇವೆ. ಒಂದನೆಯದಾಗಿ, ಎಲ್ಲಾ ಗುಂಪುಗಳ ಲೆಕ್ಕವನ್ನು ಕೂಡಿಸಿರಿ. ಅದು ಮೂಲದ ಲೆಕ್ಕಕ್ಕೆ ಸರಿಯಾಗಬೇಕು. ಈ ಕೆಲಸವನ್ನು ಯಂತ್ರವೇ ಒಂದು ಸಾಲಿನಲ್ಲಿ ಮಾಡಬಲ್ಲದು. 41ರ ಸ್ಥಳದಲ್ಲಿ 11 ಬಂದಿದೆಯೆಂದು ಅದರಿಂದ ಅಂದೇ ತಿಳಿಯುತ್ತಿತ್ತು. ಆದರೆ ಎಸ್ತೇರಳೂ ಲೀಲೆಯೂ ಅದಲುಬದಲಾದ ಪಟ್ಟಿಯಲ್ಲಿ ಲೆಕ್ಕವು ಸರಿಯಾಗಿಯೇ ಇದ್ದದ್ದನ್ನು ನೋಡಿದೆವಷ್ಟೆ. ಆದಕಾರಣ ಎರಡನೆಯದಾಗಿ, ಪ್ರತಿಯೊಂದು ಗುಂಪಿನಿಂದಲೂ ಒಂದೆರಡು ಹೆಸರುಗಳನ್ನು ಆರಿಸಿ, ಮೂಲಪುಸ್ತಕವನ್ನು ತೆರೆದು, ಕಣ್ಣಾರೆ ತಾಳೆ ನೋಡಿರಿ. ಎಲ್ಲರಿಗಿಂತ ಮೇಲಿನವಳನ್ನೂ ಎಲ್ಲರಿಗಿಂತ ಕೆಳಗಿನವಳನ್ನೂ ಎಲ್ಲೆಯ ಮೇಲೆ ನಿಂತವಳನ್ನೂ ಬಿಡಬೇಡಿರಿ. ಇದನ್ನು ಯಂತ್ರಕ್ಕೆ ಒಪ್ಪಿಸದೆ ನೀವೇ ಮಾಡಿರಿ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮೊಳಗೆ ಅನೇಕರು ಮುಂದೆ ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಇಂಥ ಪಟ್ಟಿಗಳನ್ನು ಮಾಡುವಿರಿ. ಯಂತ್ರಕ್ಕೆ ಕೀಲಿ ಗೊತ್ತು, ಮೌಲ್ಯ ಗೊತ್ತು. ಕೀಲಿಯ ಹಿಂದೆ ಬಸ್ಸಿಗಾಗಿ ಕಾದು ನಿಂತ ಹುಡುಗಿಯಿರುವದು ಗೊತ್ತಿಲ್ಲ. ಅಂದು ಪಾಸಿಲ್ಲದೆ ಮನೆಯಲ್ಲುಳಿದವರ ಎರಡು ದಿನಗಳ ಲೆಕ್ಕವನ್ನು ನಾವು ಹಾಜರಿಯ ಪುಸ್ತಕದಲ್ಲಿ ಅವರ ಗೈರುಹಾಜರಿಯೆಂದು ಹಿಡಿಯಲಿಲ್ಲ. ತಪ್ಪು ನಮ್ಮದೆಂದು ಅಂಚಿನಲ್ಲಿ ಕೆಂಪು ಮಸಿಯಿಂದ ಬರೆದು ರುಜು ಹಾಕಿದೆವು. ಆ ಪುಟವು ಈಗಲೂ ಇದೆ. ಹೊಸ ಪಟ್ಟಿಗೆ ರುಜು ಹಾಕುವದಕ್ಕೆ ಮುಂಚೆ ನಾವು ಅದನ್ನು ಒಮ್ಮೆ ತೆರೆದು ನೋಡುವದುಂಟು.